ನಡುಮಾತು



ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮದಲ್ಲಿ ಶ್ರವಣವೇ ಮೊದಲನೆಯದು. ಅದು ಭಂಗವಾದರೆ ಉಳಿದೆರಡೂ ನಿರಾಧಾರ. ಡೊಂಬಿವಲಿ, ಬೋರಿವಲಿಗಳಿಂದ ಲೋಕಲ್ ಗಾಡಿ ಏರುವ ನಮ್ಮ ಮಕ್ಕಳು ಇಂದು ಪಾಡ್‌ಕಾಸ್ಟ್ ಎಂಬ ಸಂವಾದಗಳನ್ನು ಆಲಿಸುತ್ತಾರೆ. ಅವುಗಳಲ್ಲಿ ಕೆಲವೆಡೆ, ತಜ್ಞರನ್ನು ಆದರದಿಂದ ಕರೆದವನೇ ಅವರು ವಾಕ್ಯ ಮುಗಿಸುವ ಮೊದಲು ಬಾಯಿ ಹಾಕುವುದುಂಟು. ಇದು ಕೇವಲ ಅಸಭ್ಯತೆಯಲ್ಲ. ಶಾಸ್ತ್ರನಿರೂಪಣೆಯಲ್ಲಿ ಪೂರ್ವಪಕ್ಷ ಮೊದಲು, ಸಿದ್ಧಾಂತ ಕೊನೆಗೆ. ನಡುವೆ ತಡೆದರೆ ಪೂರ್ವಪಕ್ಷವೇ ಸಿದ್ಧಾಂತವೆಂದು ಕೇಳುಗರ ಮನಸ್ಸಿನಲ್ಲಿ ನೆಲೆಸುತ್ತದೆ.

ಛಾಂದೋಗ್ಯೋಪನಿಷತ್ತಿನ ಇಂದ್ರ-ವಿರೋಚನರ ಪ್ರಸಂಗವನ್ನು ಸ್ಮರಿಸೋಣ. ಇಬ್ಬರೂ ಪ್ರಜಾಪತಿಯ ಬಳಿ 32 ವರ್ಷ ಬ್ರಹ್ಮಚರ್ಯದಿಂದಿದ್ದರು. ಮೊದಲ ಉಪದೇಶಕ್ಕೇ ತೃಪ್ತನಾದ ವಿರೋಚನನು ದೇಹವೇ ಆತ್ಮವೆಂದು ಅಸುರರಿಗೆ ಸಾರಿದನು. ಅರ್ಧಶ್ರವಣದ ಫಲವಿದು! ಇಂದ್ರನಾದರೋ ಕೇಳಿದ್ದನ್ನು ದಾರಿಯಲ್ಲಿ ವಿಮರ್ಶಿಸಿ, ಸಂಶಯ ಹುಟ್ಟಲು ಸಮಿತ್ಪಾಣಿಯಾಗಿ ಮತ್ತೆ ಮತ್ತೆ ಮರಳಿದನು. ಒಟ್ಟು 101 ವರ್ಷ ಕಾದು ತತ್ತ್ವವನ್ನು ಪಡೆದನು.

ಹಾಗಾದರೆ ಪ್ರಶ್ನಿಸಬಾರದೆ? ಅವಶ್ಯವಾಗಿ ಪ್ರಶ್ನಿಸಬೇಕು, ಗುರುವನ್ನು ಪರಿಪ್ರಶ್ನೆಯಿಂದ ಅರಿಯಬೇಕೆಂದು ಗೀತಾಚಾರ್ಯನ ಆದೇಶವೇ ಇದೆ. ಆದರೆ ಅರ್ಜುನನ ರೀತಿಯನ್ನು ನೋಡಿರಿ. ಗುಣಾತೀತನ ಲಕ್ಷಣವೇನೆಂದು 14ನೆಯ ಅಧ್ಯಾಯದಲ್ಲಿ ಕೇಳಿದವನು, 17ನೆಯ ಅಧ್ಯಾಯದ ಆರಂಭದವರೆಗೆ ತುಟಿ ಬಿಚ್ಚುವುದಿಲ್ಲ. ನಡುವೆ ಭಗವಂತನು ನುಡಿದದ್ದು 50 ಶ್ಲೋಕಗಳು. ಆ ಬಳಿಕ ಅವನು ಎತ್ತಿದ ಪ್ರಶ್ನೆಯೂ ಕೇಳಿದ ಮಾತಿನಿಂದಲೇ ಹುಟ್ಟಿದುದು.

ಶ್ರೀಮದಾಚಾರ್ಯರು 'ಕಥಾಲಕ್ಷಣ'ದಲ್ಲಿ ತತ್ತ್ವನಿರ್ಣಯಕ್ಕಾಗಿ ನಡೆಯುವುದನ್ನು ವಾದವೆಂದೂ, ಖ್ಯಾತಿ-ಸ್ಪರ್ಧೆಗಳಿಗಾಗಿ ನಡೆಯುವುದನ್ನು ಜಲ್ಪವೆಂದೂ ವಿಂಗಡಿಸಿದ್ದಾರೆ. ನಡುವೆ ಬಾಯಿ ಹಾಕುವವನು ತಾನು ಯಾವುದರಲ್ಲಿ ತೊಡಗಿದ್ದೇನೆಂದು ತನ್ನನ್ನೇ ಕೇಳಿಕೊಳ್ಳಲಿ. ರೈಲ್ವೆಯ ಬ್ಲಾಕ್ ಪದ್ಧತಿಯಲ್ಲಿ ಮುಂದಿನ ಗಾಡಿಯು ಆ ಭಾಗವನ್ನು ದಾಟುವ ತನಕ ಹಿಂದಿನದಕ್ಕೆ ಪ್ರವೇಶವಿಲ್ಲ. ಮಾತಿಗೂ ಅದೇ ಕ್ಷೇಮದ ನಿಯಮ.

ಪರರನ್ನು ದೂರಿ ಫಲವೇನು? ನಮ್ಮ ಮನೆಗಳಲ್ಲೂ ಇದು ನಡೆಯುತ್ತಿದೆ. ಊರಿನ ಹಬ್ಬದ ಕ್ರಮವನ್ನೋ ಕುಲದೇವರ ಹರಕೆಯನ್ನೋ ಅಜ್ಜಿ ಹೇಳತೊಡಗಿದರೆ "ಗೊತ್ತು ಬಿಡಿ" ಎಂದು ತಡೆಯುತ್ತೇವೆ. ಊರು ಬಿಟ್ಟು ಬಂದ ನಮಗೆ ಆಕೆಯ ಮಾತೇ ಗ್ರಂಥ. ಅದಕ್ಕೆ ಬೇರೆ ಪ್ರತಿಯಿಲ್ಲ. ಒಮ್ಮೆ ಬಾಯಿ ಮುಚ್ಚಿಸಿದರೆ ಆಕೆ ಮತ್ತೆ ಹೇಳದೆ ಇರಬಹುದು.

ಆದುದರಿಂದ ಬರುವ ದ್ವಾದಶಿಯ ಪಾರಣೆಯ ಬಳಿಕ ಮನೆಯ ಹಿರಿಯರನ್ನು ಕಾಲು ಗಂಟೆ ಮಾತನಾಡಿಸಿರಿ. ಅವರು ನಿಲ್ಲಿಸಿದ ಮೇಲೆಯೇ ಪ್ರಶ್ನಿಸಿರಿ.

ಶ್ರೀಕೃಷ್ಣಾರ್ಪಣಮಸ್ತು.