ಕಾಲದ ಮುಪ್ಪು, ಉಪೇಕ್ಷೆಯ ಮುಪ್ಪು

ಮುಪ್ಪು ರೋಗವೋ ದೇಹದ ಸ್ವಭಾವವೋ ಎಂಬ ಪ್ರಶ್ನೆಗೆ ಸುಶ್ರುತಸಂಹಿತೆ ಕೊಡುವ ಉತ್ತರ ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಹಸಿವು, ಬಾಯಾರಿಕೆ, ನಿದ್ರೆ, ಮೃತ್ಯುಗಳ ಸಾಲಿನಲ್ಲಿಯೇ ಜರೆಯನ್ನೂ ಇರಿಸಿ, ಇವೆಲ್ಲವೂ 'ಸ್ವಭಾವಬಲಪ್ರವೃತ್ತ' ವ್ಯಾಧಿಗಳು, ಅಂದರೆ ಹುಟ್ಟಿದ ದೇಹಕ್ಕೆ ತನ್ನ ಸ್ವಭಾವದಿಂದಲೇ ಒದಗುವ ಬಾಧೆಗಳು, ಎಂದು ಅದು ಹೇಳುತ್ತದೆ. ಆದರೆ ಗ್ರಂಥ ಅಲ್ಲಿಗೇ ನಿಲ್ಲದೆ, ತಕ್ಕ ರಕ್ಷಣೆಯಿದ್ದರೂ ಕಾಲ ಕೂಡಿದಾಗ ಬರುವುದನ್ನು ಕಾಲಕೃತವೆಂದೂ, ರಕ್ಷಣೆಯಿಲ್ಲದ್ದರಿಂದ ಹೊತ್ತಿಗೆ ಮುನ್ನ ಬರುವುದನ್ನು ಅಕಾಲಕೃತವೆಂದೂ ಬೇರ್ಪಡಿಸುತ್ತದೆ. ಬೌದ್ಧರು ಜರೆಯನ್ನು ದುಃಖಸತ್ಯದಲ್ಲಿ ಎಣಿಸಿದರು, ಯಯಾತಿಯ ಕಥೆ ಅದನ್ನು ಶಾಪವಾಗಿ ಕಂಡಿತು. ಉಪೇಕ್ಷೆಯಿಂದ ಹುಟ್ಟುವ ಮುಪ್ಪೂ ಒಂದುಂಟು ಎಂಬ ಸುಶ್ರುತನ ಮಾತು ಮಾತ್ರ ನೇರವಾಗಿ ಆರೈಕೆ ಮಾಡುವವರ ಮೇಲೆ ಹೊಣೆ ಹೊರಿಸುತ್ತದೆ.

ಹಾಗಾದರೆ ಹಾಸಿಗೆ ಹಿಡಿದ ಒಬ್ಬ ವೃದ್ಧೆಯ ದೇಹದಲ್ಲಿ ಕಾಲದ ಪಾಲೆಷ್ಟು, ಉಪೇಕ್ಷೆಯ ಪಾಲೆಷ್ಟು ಎಂದು ತಿಳಿಯುವುದು ಹೇಗೆ? ಬರಿದೇ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. 1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಆಶ್ರಯಧಾಮದ ರೋಗಿಗಳನ್ನು ವಹಿಸಿಕೊಂಡಾಗ, ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಂದವರು 714 ಮಂದಿ. ಗುಣವಾಗದವರೆಂದು ಕೈಬಿಟ್ಟಿದ್ದ ಈ ಜನರನ್ನು ಆಕೆ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ವಿಂಗಡಿಸಿ, ಎಬ್ಬಿಸಿ ಕೂರಿಸಿ, ನಡೆಯಲು ಕಲಿಸಿದಾಗ, ಹಲವರು ಮನೆಗೆ ಮರಳುವಷ್ಟು ಚೇತರಿಸಿಕೊಂಡರು. ಮುಪ್ಪೆಂದು ತಿಳಿದಿದ್ದರಲ್ಲಿ ಎಷ್ಟೋ ಭಾಗ ಹಾಸಿಗೆಯದೇ ಕೊಡುಗೆಯಾಗಿತ್ತು. ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಹುಣ್ಣಾಗುತ್ತದೆ, ಮನಸ್ಸು ಮಂಕಾಗುತ್ತದೆ. ವಾರೆನ್ 1943 ಮತ್ತು 1946ರಲ್ಲಿ ಪ್ರಕಟಿಸಿದ ಲೇಖನಗಳು ವೃದ್ಧರ ವೈದ್ಯಶಾಸ್ತ್ರಕ್ಕೆ ಬುನಾದಿಯಾದವು. ಅಲ್ಲಿ ಶುಶ್ರೂಷೆಯೇ ಪ್ರಯೋಗವಾಗಿತ್ತು. ಉಪೇಕ್ಷೆಯನ್ನು ತೆಗೆದ ಮೇಲೆ ಉಳಿಯುವುದು ಯಾವುದೋ ಅದಷ್ಟೇ ಕಾಲದ್ದು ಎಂದು ಹೇಳಲು ಬರುವುದರಿಂದ, ಆರೈಕೆ ಮಾಡದವರಿಗೆ ಮುಪ್ಪಿನ ಸ್ವರೂಪವೇ ತಿಳಿಯಲಾರದು.

ಆರೈಕೆಯಿಂದ ಕಡಿದುಕೊಂಡ ಶೋಧನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು 1963ರ ನ್ಯೂಯಾರ್ಕ್ ತೋರಿಸಿತು: ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ ಜರ್ಜರಿತರಾದ 22 ರೋಗಿಗಳ ಮೈಗೆ, ಅದೇನೆಂದು ತಿಳಿಸದೆ, ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಯಿತು. ಅಲ್ಲಿ ರೋಗಿ ಜ್ಞಾನಕ್ಕೆ ಬರಿಯ ಸಾಧನವಾದ. ಇಂಥದಕ್ಕೆ ಅಂಜಿ ವೃದ್ಧರನ್ನು ಸಂಶೋಧನೆಯಿಂದಲೇ ಹೊರಗಿಡುವುದೂ ಸರಿಯಲ್ಲ, ಏಕೆಂದರೆ ಆಗ ಕಿರಿಯರ ದೇಹದಲ್ಲಿ ಪರೀಕ್ಷಿಸಿದ ಔಷಧವನ್ನೇ ಹಿರಿಯರು ನುಂಗಬೇಕಾಗುತ್ತದೆ. ಅದು ಉಪೇಕ್ಷೆಯದೇ ಇನ್ನೊಂದು ರೂಪ.

ಸಂಶೋಧನೆಗೆ ಯಾರ ಒಪ್ಪಿಗೆ ಬೇಕೆಂಬ ಪ್ರಶ್ನೆ ಮರೆವಿನ ರೋಗದಲ್ಲಿ ಅತ್ಯಂತ ತೀಕ್ಷ್ಣವಾಗುತ್ತದೆ. 1964ರಲ್ಲಿ ಹೊರಟು ಅನಂತರ ಹಲವು ಬಾರಿ ಪರಿಷ್ಕೃತವಾದ, ವೈದ್ಯಕೀಯ ಸಂಶೋಧನೆಯ ನೀತಿಯನ್ನು ಹೇಳುವ ಹೆಲ್ಸಿಂಕಿ ಘೋಷಣೆ, ತಾವೇ ಒಪ್ಪಿಗೆ ಕೊಡಲಾರದವರ ಪರವಾಗಿ ಅಧಿಕೃತ ಪ್ರತಿನಿಧಿ ಒಪ್ಪಿಗೆ ಕೊಟ್ಟಿದ್ದರೂ, ಅವರೇ ತೋರುವ ಅಸಮ್ಮತಿಯನ್ನು ಗೌರವಿಸಬೇಕೆನ್ನುತ್ತದೆ. ಮಗನ ಹೆಸರೂ ನೆನಪಿಲ್ಲದ ತಾಯಿ ಸೂಜಿ ಕಂಡು ಕೈ ಹಿಂದೆಗೆದಾಗ, ವೈದ್ಯ ಸೂಜಿಯನ್ನು ಕೆಳಗಿಡಬೇಕು. ನೆನಪು ಹೋದ ಮೇಲೂ ಆಕೆ ಬೇಡವೆನ್ನಬಲ್ಲವಳು.