ಇನ್ನೂರ ಒಂದನೆಯ ಯೂನಿಟ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕಡೆ ಇರಲಾರಳು. ಒಳ್ಳೆಯ ಮಾತೇ. ಆದರೆ ಒಂದೇ ಹಾಸಿಗೆಯಲ್ಲಿ ಐದು ಜನ ಮಲಗಿರುವಾಗ ಯಾರು ಕಾಲು ಮಡಿಸಿಕೊಳ್ಳಬೇಕು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಮನೆಯ ಖರ್ಚು ಏರಿದಾಗಲೆಲ್ಲ ನನಗೆ ಈ ಪ್ರಶ್ನೆಯೇ ಎದುರಾಗುತ್ತದೆ. ಉಳಿಸಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಉಳಿಸಬೇಕಾದವರು ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಎಲ್ಲರೂ ಬೇರೆಯವರ ಮುಖ ನೋಡುತ್ತಾರೆ.

ನಮ್ಮದು ಶಿವಮೊಗ್ಗದ ಒಂದು ಹಳೆಯ ಬಡಾವಣೆಯ ಮನೆ. ಕೆಳಗೆ ನಾವು ಮೂವರು: ನಿವೃತ್ತರಾದ ನಮ್ಮ ಯಜಮಾನರು, ಎಂಬತ್ತು ದಾಟಿದ ಅತ್ತೆ, ನಾನು. ಮಹಡಿಯ ಎರಡು ಕೋಣೆಗಳಲ್ಲಿ ಎಳೆ ಮಗುವಿರುವ ಬಾಡಿಗೆಯವರು. ಎಲ್ಲಕ್ಕೂ ಸೇರಿ ಕರೆಂಟಿನ ಮೀಟರ್ ಒಂದೇ. ಮಹಡಿಗೆ ನಾವೇ ಹಾಕಿಸಿದ ಸಬ್‌ಮೀಟರ್ ಇದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ, 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅಷ್ಟು ಯೂನಿಟ್ಟುಗಳನ್ನು ಉಚಿತ ಮಾಡಿದರು. ನಮ್ಮ ಪಾಲಿಗೆ ಬಂದದ್ದು 154 ಯೂನಿಟ್ಟು. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಹಣ. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ಪಿಂಚಣಿಯ ಮನೆಗೆ ಇದು ದೊಡ್ಡ ಅನುಕೂಲವೇ. ಒಂದು ಬೇಸಿಗೆಯಲ್ಲಿ ಮಾತ್ರ ಬಳಕೆ 200 ದಾಟಿಬಿಟ್ಟಿತು. ಹಿಂದಿನ ತಿಂಗಳು ನೂರರ ಆಚೀಚೆ ಇದ್ದ ಬಿಲ್ಲು ಸಾವಿರದ ಐನೂರನ್ನು ಮೀರಿತು. ಔಷಧಿಯ ಅಂಗಡಿಗೆ ಎತ್ತಿಟ್ಟ ಹಣ ಅದಕ್ಕೆ ಹೋಯಿತು.

ಅಂದು ಮನೆಯಲ್ಲಿ ನಡೆದದ್ದು ಒಂದು ಸಣ್ಣ ವಿಚಾರಣೆ. ಇನ್ನೂರ ಒಂದನೆಯ ಯೂನಿಟ್ಟನ್ನು ಉರಿಸಿದವರು ಯಾರು? ಮೇಲಿನವರು ರಾತ್ರಿಯಿಡೀ ಕೂಲರ್ ಹಾಕಿದ್ದರು ಎಂದರು ಯಜಮಾನರು. ಅಮ್ಮನಿಗೆ ದಿನಕ್ಕೆ ಎರಡು ಸಲ ಗೀಸರ್ ಬೇಕೇ ಎಂಬ ಮಾತೂ ಬಂತು. ಹಾಲಿನ ಫ್ರಿಜ್ಜಿನ ವಿಷಯವಾಗಲಿ, ರಾತ್ರಿ ಹನ್ನೊಂದರವರೆಗೆ ಓಡುವ ಟಿ.ವಿ.ಯ ವಿಷಯವಾಗಲಿ ಯಾರ ಬಾಯಿಂದಲೂ ಬರಲಿಲ್ಲ. ಯೋಚಿಸಿ ನೋಡಿದರೆ ಇನ್ನೂರ ಒಂದನೆಯದು ಎಂಬ ಬೇರೆ ಯೂನಿಟ್ಟೇ ಇಲ್ಲ. ಮೊದಲನೆಯದು ಎಷ್ಟು ಕಾರಣವೋ ಕೊನೆಯದೂ ಅಷ್ಟೇ ಕಾರಣ. ಕೊಡ ತುಂಬಿ ಚೆಲ್ಲಿದಾಗ ಕೊನೆಯ ತಂಬಿಗೆ ಸುರಿದವಳನ್ನು ಬೈಯುವುದು ಸುಲಭ. ಉಳಿದ ತಂಬಿಗೆಗಳೂ ಅದೇ ಕೊಡಕ್ಕೆ ಬಿದ್ದಿದ್ದವು ಎಂಬುದು ಆಗ ನೆನಪಾಗುವುದಿಲ್ಲ.

ಇಂಥ ವಿಚಾರಣೆಗಳಲ್ಲಿ ತೀರ್ಪು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದನ್ನು ನೀವೂ ನೋಡಿರಬಹುದು. ಮನೆಯಲ್ಲಿ ಯಾರ ಮಾತಿಗೆ ತೂಕ ಕಡಿಮೆಯೋ ಅವರ ಬಳಕೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಬಾಡಿಗೆಯವರು, ಮುದುಕಿ, ಸೊಸೆ, ಕೆಲಸಕ್ಕೆ ಬರುವವಳು. ಯಜಮಾನನ ಟಿ.ವಿ. ಅವಶ್ಯಕತೆ, ಅಡಿಗೆಮನೆಯ ಫ್ಯಾನು ಶೋಕಿ. ಎಷ್ಟೋ ಮನೆಗಳಲ್ಲಿ ಅಡಿಗೆಮನೆಗೆ ಫ್ಯಾನೇ ಇರುವುದಿಲ್ಲ. ಒಲೆಯ ಉರಿ ಆರಿಹೋಗುತ್ತದೆ ಎಂಬುದು ನಿಜವಾದ ಕಾರಣವೇ. ಆದರೆ ಗೋಡೆಗೊಂದು ಎಕ್ಸಾಸ್ಟ್ ಫ್ಯಾನು ಹಾಕಿಸಬಹುದು ಎಂಬ ಯೋಚನೆ ಮನೆ ಕಟ್ಟಿಸುವ ಕಾಲಕ್ಕೆ ಯಾಕೋ ಹೊಳೆದಿರುವುದಿಲ್ಲ.

ಬೈಗುಳಕ್ಕೂ ಲೆಕ್ಕಕ್ಕೂ ಎಷ್ಟು ದೂರ ಎಂದು ತಿಳಿಯಲು ನಾನೇ ಒಂದು ಸಂಜೆ ಪೆನ್ಸಿಲ್ ಹಿಡಿದು ಕುಳಿತೆ. 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್ಟು. 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ಟು ನುಂಗುತ್ತದೆ. 75 ವ್ಯಾಟಿನ ಹಳೆಯ ಫ್ಯಾನು ಹದಿಮೂರು ಗಂಟೆಗೆ ಒಂದು ಯೂನಿಟ್ಟು. 9 ವ್ಯಾಟಿನ ಎಲ್‌ಇಡಿ ಬಲ್ಬು ನೂರು ಗಂಟೆ ಉರಿದರೂ ಒಂದು ಯೂನಿಟ್ಟು ಆಗುವುದಿಲ್ಲ. ಅಂದರೆ ಸೊಸೆ ಬಚ್ಚಲಿನ ದೀಪ ಮರೆತು ರಾತ್ರಿಯಿಡೀ ಉರಿಸಿದರೆ ಆಗುವ ನಷ್ಟ ಗೀಸರಿನ ಮೂರು ನಿಮಿಷಕ್ಕೆ ಸಮ. ಒಂದು ರೂಪಾಯಿಯೂ ಇಲ್ಲ. 60 ವ್ಯಾಟಿನ ಹಳದಿ ಬಲ್ಬುಗಳ ಕಾಲದಲ್ಲಿ ನಮ್ಮ ಅಪ್ಪ "ದೀಪ ಆರಿಸಿ" ಎಂದು ಕೂಗುತ್ತಿದ್ದುದಕ್ಕೆ ಅರ್ಥವಿತ್ತು. ಬಲ್ಬು ಬದಲಾಯಿತು, ಕೂಗು ಹಾಗೇ ಉಳಿದುಕೊಂಡಿದೆ. ದೀಪ ಆರಿಸುವುದು ಈಗಲೂ ಒಳ್ಳೆಯ ಅಭ್ಯಾಸವೇ. ಆದರೆ ಅದಕ್ಕಾಗಿ ಒಬ್ಬರ ಕಣ್ಣಲ್ಲಿ ನೀರು ಬರಿಸುವಷ್ಟು ಬೆಲೆ ಅದಕ್ಕಿಲ್ಲ.

ಮೀಟರಿಗೆ ಸಿಕ್ಕದ ಇನ್ನೊಂದು ಬಳಕೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಹುಟ್ಟುಹಾಕಿದ ಅಮೂಲ್ಯ ರೆಡ್ಡಿಯವರೂ ಅವರ ಜೊತೆಗಾರರೂ ತುಮಕೂರು ಜಿಲ್ಲೆಯ ಪುರ ಮೊದಲಾದ ಹಳ್ಳಿಗಳಲ್ಲಿ ಇಂಧನದ ಲೆಕ್ಕ ತೆಗೆದರು. ಸೌದೆ, ಸೀಮೆಎಣ್ಣೆ, ಕರೆಂಟುಗಳ ಜೊತೆಗೆ ಮನುಷ್ಯರ ದುಡಿಮೆಯನ್ನೂ ಶಕ್ತಿಯೆಂದೇ ಅಳೆದರು. ಸೌದೆ ತರುವುದು, ನೀರು ಹೊರುವುದು, ಬೇಯಿಸುವುದು ಎಲ್ಲ ಸೇರಿಸಿದಾಗ ಹೆಂಗಸರ ಮತ್ತು ಮಕ್ಕಳ ದುಡಿಮೆ ಗಂಡಸರದ್ದಕ್ಕಿಂತ ಹೆಚ್ಚಾಗಿತ್ತು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಂದ ಅನ್ನ, ಬೆಳಕಿರುವ ಕೋಣೆ, ಮನೆ ಬಾಗಿಲಿಗೆ ನೀರು ಎಂದು ರೆಡ್ಡಿಯವರು ಕೊನೆಯವರೆಗೂ ವಾದಿಸಿದರು. ಅವರ ವಿಚಾರವನ್ನು ನಮ್ಮ ಮನೆಗೆ ತಂದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗೀಸರ್ ಬಂದ್ ಮಾಡಿ ಹಿತ್ತಿಲ ಹಂಡೆಗೆ ತೆಂಗಿನ ಸಿಪ್ಪೆ, ಕರಟ ಒಟ್ಟಿ ಬೆಂಕಿ ಹಾಕಿದರೆ ಬಿಲ್ಲು ಇಳಿಯುತ್ತದೆ. ಇಳಿದ ಭಾರ ಎಲ್ಲಿಗೆ ಹೋಯಿತು? ಬೆಳಗಿನ ಐದು ಗಂಟೆಗೆ ಎದ್ದು ಊದುಗೊಳವೆ ಹಿಡಿದು ಹೊಗೆ ಕುಡಿಯುವವಳ ಸೊಂಟಕ್ಕೆ, ಎದೆಗೆ. ಅವಳಿಗೆ ಅದು ಇಷ್ಟವಾದರೆ ಬೇರೆ ಮಾತು. ಇಲ್ಲವಾದರೆ ಅದನ್ನು ಉಳಿತಾಯ ಎನ್ನುವುದು ಹೇಗೆ? ಒಬ್ಬರ ಜೇಬಿನಿಂದ ಹೋಗಬೇಕಾದದ್ದು ಇನ್ನೊಬ್ಬರ ಮೈಯಿಂದ ಹೋಯಿತು, ಅಷ್ಟೆ.

ಕೆಲಸಕ್ಕೆ ಬರುವವಳ ಮನೆಯಲ್ಲಿ ಈ ಲೆಕ್ಕ ಇನ್ನೂ ಕಠಿಣ. ಬಡ ಮನೆಗಳ ಹೆಂಗಸರಿಗೆ ಗ್ಯಾಸು ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಬಂತು. ಅವಳಿಗೂ ಒಂದು ಸಿಲಿಂಡರ್ ಸಿಕ್ಕಿತು. 2023ರ ಮಾರ್ಚಿನಲ್ಲಿ 14.2 ಕಿಲೋ ಸಿಲಿಂಡರಿನ ಬೆಲೆ ಸಾವಿರದ ನೂರು ದಾಟಿತ್ತು. ಅದೇ ಆಗಸ್ಟಿನ ಕೊನೆಗೆ 200 ರೂಪಾಯಿ, 2024ರ ಮಾರ್ಚಿನಲ್ಲಿ 100 ರೂಪಾಯಿ ಇಳಿಯಿತು. 2025ರ ಏಪ್ರಿಲಿನಲ್ಲಿ ಮತ್ತೆ 50 ಏರಿತು. ಉಜ್ವಲಾದವರಿಗೆ ಸಬ್ಸಿಡಿ ಇದೆ, ಆದರೆ ಮೊದಲು ಪೂರ್ತಿ ಹಣ ಕೊಟ್ಟು ತುಂಬಿಸಿಕೊಳ್ಳಬೇಕು, ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ. ವಾರದ ಕೂಲಿಯಲ್ಲಿ ಬದುಕುವವರ ಕೈಯಲ್ಲಿ ಒಂದೇ ಸಲಕ್ಕೆ ಅಷ್ಟು ಹಣ ಎಲ್ಲಿರುತ್ತದೆ?

"ಸಿಲಿಂಡರ್ ಐತಕ್ಕಾ. ನೆಂಟ್ರು ಬಂದ್ರೆ ಟೀಗೆ ಅಂತ ಇಟ್ಕಂಡೀನಿ. ದಿನಾ ಅದನ್ನೇ ಹಚ್ಚಿದ್ರೆ ತುಂಬ್ಸಾಕೆ ಎಲ್ಲಿಂದ ತರಾಣ?" ಎಂದಳು ಒಮ್ಮೆ. ದಿನದ ಅಡಿಗೆ ಸೌದೆಯಲ್ಲೇ. ಅವಳದ್ದು ದುಂದು ಎಂದು ಯಾರೂ ಹೇಳಲಾರರು. ಅವಳಿಗೆ ಉಳಿತಾಯದ ಪಾಠ ಹೇಳುವ ಅಧಿಕಾರ, ಬಟನ್ ಒತ್ತಿದರೆ ನೀರು ಕಾಯುವ ಮನೆಯಲ್ಲಿರುವ ನನಗಂತೂ ಇಲ್ಲ.

ಹಾಗೆಂದು ಬೇಕಾದಷ್ಟು ಉರಿಸೋಣ, ಸರ್ಕಾರವೇ ಕೊಡುತ್ತದಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕರೆಂಟು ಮೊದಲಿನಿಂದಲೂ ಯಾರೋ ಕೊಟ್ಟದ್ದು, ಇನ್ಯಾರಿಗೋ ಸಿಕ್ಕಿದ್ದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಬಡವರ ಅಡಿಗೆಮನೆಗೆ ಬರಲು ದಶಕಗಳೇ ಹಿಡಿದವು. ನಮ್ಮ ಜಿಲ್ಲೆಯ ಕಥೆ ಇನ್ನೂ ಹತ್ತಿರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಎಷ್ಟೋ ಊರು, ಗದ್ದೆ, ತೋಟ, ದೇವಸ್ಥಾನಗಳು ನೀರಿನಡಿಗೆ ಹೋದವು. ಎದ್ದುಹೋದವರಲ್ಲಿ ಅನೇಕರು ಕಾಡಂಚಿನಲ್ಲಿ ಮತ್ತೆ ಗುಡಿಸಲು ಹೂಡಿದರು. ನಾಡಿಗೆಲ್ಲ ಬೆಳಕು ಕೊಟ್ಟ ಆ ಜನ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದರು. ಬಿಲ್ಲಿನಲ್ಲಿ ಸೊನ್ನೆ ಬಂದರೂ ಯಾರೂ ಕೊಡದೆ ಬಂದ ಬೆಳಕಲ್ಲ ಅದು. ಆದ್ದರಿಂದ ಹಾಳು ಮಾಡಬಾರದು ಎಂಬ ಮಾತಿಗೆ ನಾನು ಈಗಲೂ ಬದ್ಧಳು. ಕೇಳಬೇಕಾದದ್ದು ಯಾರನ್ನು ಎಂಬುದಷ್ಟೇ ನನ್ನ ಪ್ರಶ್ನೆ.

ಮಹಡಿಯವರ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲೇ ಕೆಲವು ಮನೆಗಳಲ್ಲಿ ಮಾಲೀಕರಿಗೆ ಬಿಲ್ಲು ಸೊನ್ನೆ ಬರುತ್ತದೆ. ಆದರೂ ಬಾಡಿಗೆಯವರಿಂದ ಸಬ್‌ಮೀಟರ್ ನೋಡಿ ಯೂನಿಟ್ಟಿಗೆ ಎಂಟು ರೂಪಾಯಿ ವಸೂಲಾಗುತ್ತದೆ. "ಮೀಟರ್ ನಮ್ಮದು, ಹೆಸರು ನಮ್ಮದು, ಲಾಭವೂ ನಮ್ಮದೇ" ಎಂಬುದು ವಾದ. ನಮ್ಮವರಿಗೂ ಮೊದಮೊದಲು ಅದು ಸರಿಯೆನಿಸಿತ್ತು. ನಾನು ಕೇಳಿದ್ದು ಇಷ್ಟೇ: "ನಮಗೆ 154 ಯೂನಿಟ್ಟು ಬಂದದ್ದು ಯಾವ ಲೆಕ್ಕದಲ್ಲಿ? ಆ ವರ್ಷದ ಸರಾಸರಿಯಲ್ಲಿ ಮೇಲಿನವರು ಉರಿಸಿದ್ದೂ ಸೇರಿತ್ತಲ್ಲ? ಆ ಅರವತ್ತು ಯೂನಿಟ್ಟು ತೆಗೆದರೆ ನಮಗೆ ಬರುತ್ತಿದ್ದುದು ಎಷ್ಟು?" ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳೋದು ಲೆಕ್ಕಕ್ಕೆ ಸರಿ" ಎಂದರು. ನ್ಯಾಯಕ್ಕೆ ಸರಿ ಎನ್ನಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಈಗ ಬಿಲ್ಲು ಸೊನ್ನೆಯಾದರೆ ಅವರಿಗೂ ಸೊನ್ನೆ. ಹೆಚ್ಚು ಬಂದರೆ ಸಬ್‌ಮೀಟರ್ ತೋರಿಸಿದಷ್ಟು ಪಾಲು. ಇನ್ನೂರು ದಾಟಿದ ತಿಂಗಳ ಬಿಲ್ಲನ್ನೂ ಹೀಗೆಯೇ ಹಂಚಿಕೊಂಡೆವು. ಇನ್ನೂರ ಒಂದನೆಯದು ಯಾರದೆಂದು ಹುಡುಕಲಿಲ್ಲ.

ಅತ್ತೆಯ ವಿಷಯ ಇದಕ್ಕಿಂತ ಕಷ್ಟದ್ದು. ಅಂದಿನ ಮಾತು ಅವರ ಕಿವಿಗೆ ಬಿದ್ದಿತ್ತು. ಮರುದಿನದಿಂದ ಅವರು ಬಿಸಿನೀರು ಕೇಳುವುದನ್ನೇ ಬಿಟ್ಟರು. ನಾನೇ ಗೀಸರ್ ಹಾಕಲು ಹೋದರೆ, "ಬೇಡ ಬಿಡಮ್ಮ, ಮಧ್ಯಾಹ್ನ ಟ್ಯಾಂಕಿನ ನೀರು ತಾನೇ ಬೆಚ್ಚಗಾಗತ್ತೆ" ಎಂದರು. ಮಂಡಿ ಹಿಡಿದುಕೊಂಡು ಗೋಡೆಯ ಆಸರೆಯಲ್ಲಿ ನಡೆಯುವವರು ಹೇಳಿದ ಮಾತು ಇದು. ಬಾಡಿಗೆಯವರಿಗೆ ಲೆಕ್ಕ ತೋರಿಸಿ ನ್ಯಾಯ ಮಾಡಬಹುದು. ಎಂಬತ್ತು ವರ್ಷದ ಹೆಂಗಸಿಗೆ ತಾನು ಮನೆಗೆ ಖರ್ಚು ಎಂದು ಒಮ್ಮೆ ಅನ್ನಿಸಿದರೆ ಆ ಭಾವನೆಯನ್ನು ಯಾವ ಸಬ್‌ಮೀಟರೂ ತೆಗೆಯಲಾರದು. ಕೊಟ್ಟರೂ ಬೇಡ ಎನ್ನುವವರಿಗೆ ಕೊಡುವುದು ಹೇಗೆ?

ನನಗೆ ತೋಚಿದ್ದು ಇಷ್ಟು. ಉಳಿತಾಯ ಎಂಬುದು ತಾನಾಗಿ ಬಿಟ್ಟುಕೊಟ್ಟಾಗ ಮಾತ್ರ ಗುಣ. ನಮ್ಮ ಮಾತಿಗೆ ಅಂಜಿ ಇನ್ನೊಬ್ಬರು ಬಿಟ್ಟುಕೊಟ್ಟರೆ ಅದರ ಪುಣ್ಯ ನಮ್ಮ ಖಾತೆಗೆ ಬರುವುದಿಲ್ಲ. ಆದ್ದರಿಂದ ಯಾರು ಉಳಿಸಿ ಎನ್ನುತ್ತಾರೋ ಅವರಿಂದಲೇ ಉಳಿತಾಯ ಶುರುವಾಗಬೇಕು. ವಯಸ್ಸಾದವರು, ಹಸುಗೂಸು, ಕಾಯಿಲೆಯವರು ಆ ಪಟ್ಟಿಯಲ್ಲಿ ಇರಲೇಬಾರದು. ನಮ್ಮ ಮನೆಯಲ್ಲಿ ಟಿ.ವಿ. ಈಗ ಹತ್ತಕ್ಕೆ ನಿಲ್ಲುತ್ತದೆ. ಇಸ್ತ್ರಿಯನ್ನು ವಾರಕ್ಕೊಂದೇ ಸಲ ಒಟ್ಟಿಗೆ ಮಾಡುತ್ತೇನೆ. ಬಿಲ್ಲಿನ ಚೀಟಿ ನಡುಮನೆಯ ಮೇಜಿನ ಮೇಲೆ ಬೀಳದೆ ನೇರವಾಗಿ ನನ್ನ ಡಬ್ಬಿಗೆ ಹೋಗುತ್ತದೆ. ಬೆಳಿಗ್ಗೆ ಅತ್ತೆ ಏಳುವ ಮೊದಲೇ ಗೀಸರ್ ಹಾಕಿ, ಬಕೆಟ್ ತುಂಬಿ, "ನನಗೆ ಅಂತ ಕಾಯಿಸಿದ್ದೆ, ಹೆಚ್ಚಾಯಿತು, ಚೆಲ್ಲೋದು ಬೇಡ" ಎನ್ನುತ್ತೇನೆ. ಚೆಲ್ಲುವುದೆಂದರೆ ಅವರಿಗೆ ಆಗದು. ಗೊಣಗುತ್ತಲೇ ಸ್ನಾನಕ್ಕೆ ಹೋಗುತ್ತಾರೆ.