ರವಿವಾರ ಅವ್ವಗ ರಜಾ ಇತ್ತೇನು?

ಬೈಬಲ್ ತೆರೀರಿ. ಧರ್ಮೋಪದೇಶಕಾಂಡ 5ನೇ ಅಧ್ಯಾಯ, 12ರಿಂದ 15ನೇ ವಚನ.

ಪ್ರಿಯರೇ, ನಾನು ಬೆಳೆದದ್ದು ಕೃಷ್ಣಾ ನದಿ ದಂಡೆಯ ಅಂಕಲಿಯಲ್ಲಿ. ನಮ್ಮ ಮನ್ಯಾಗ ರವಿವಾರಕ್ಕೊಂದು ಕಾಯ್ದೆ ಇತ್ತು: ಟಿವಿ ಹಚ್ಚಂಗಿಲ್ಲ. ಶನಿವಾರ ರಾತ್ರಿನೇ ಅಪ್ಪ ಅದರ ಮೇಲೆ ಟವೆಲ್ ಹೊದಿಸಿಬಿಡ್ತಿದ್ರು. ರವಿವಾರ ಮಧ್ಯಾಹ್ನ 12ಕ್ಕೆ ದೂರದರ್ಶನದಲ್ಲಿ ‘ಶಕ್ತಿಮಾನ್’. ಅದೇ ಹೊತ್ತಿಗೆ ಸಭೆಯಲ್ಲಿ ಸಂದೇಶ! ಒಂದು ಸಲ ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗಿ, ಬಾಜೂ ಮನಿ ಕಿಟಕಿ ಹಿಡಿದು ನಿಂತೆ. ಹಿಂದಿನಿಂದ ಅಪ್ಪ ಬಂದು ಕಿವಿ ಹಿಡಿದ್ರು.

ಇಂಥ ಕಾಯ್ದೆ ಅಪ್ಪ ಒಬ್ಬರೇ ಮಾಡಿದ್ದಲ್ಲ. ಭಾನುವಾರ ಟಿಕೆಟ್ ಇಟ್ಟು ಮನರಂಜನೆ ನಡೆಸಬಾರದು ಅಂತ ಇಂಗ್ಲೆಂಡಿನ ಪಾರ್ಲಿಮೆಂಟು 1780ರಲ್ಲೇ ಕಾನೂನು ತಂದಿತ್ತು.

ಮುಂದೆ ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಊರಿಗೆ ಹೋದೆ. ನನ್ನ ಮೊದಲ ಸಂದೇಶ ಯಾವುದರ ಮೇಲೆ? ವಿಶ್ರಾಂತಿಯ ದಿನದ ಮೇಲೆ! ಎಲ್ಲರೂ ಆಮೆನ್ ಅಂದ್ರು. ಮನೆಗೆ ಬಂದು, “ಹೆಂಗಿತ್ತವ್ವಾ?” ಅಂತ ಕೇಳಿದೆ. “ಚೊಲೋ ಹೇಳಿದೆಂತ, ಮಂದಿ ಅಂದ್ರು. ನಾ ಒಲಿ ಮುಂದಿದ್ನೆಪಾ, ಕೇಳಲಿಲ್ಲ” ಅಂದ್ಲು.

ದೂರದಿಂದ ಸಭೆಗೆ ಬಂದವರಿಗೆಲ್ಲ ನಮ್ಮನೇಲೇ ಊಟ. ಅಷ್ಟು ವರ್ಷ ಅವ್ವ ರವಿವಾರವೆಲ್ಲ ರೊಟ್ಟಿ ಬಡಿದಿದ್ದಳು. ಟಿವಿಗೆ ರಜಾ ಕೊಟ್ಟಿದ್ವಿ, ಅವ್ವಗೆ ಕೊಟ್ಟಿರಲಿಲ್ಲ. ಅಪ್ಪನ ಭಕ್ತಿ ಸುಳ್ಳಲ್ಲ ಪ್ರಿಯರೇ. ಆದರೆ ನಾವು ಅರ್ಧ ಆಜ್ಞೆ ಮಾತ್ರ ಓದಿದ್ವಿ.

14ನೇ ವಚನ ನೋಡಿ. ಮಗ, ಮಗಳು, ಆಳು, ಎತ್ತು, ಕತ್ತೆ, ಪರದೇಶಿ, ಎಲ್ಲರೂ ಅಲ್ಲಿದ್ದಾರೆ. ಯಾಕೆ? 15ನೇ ವಚನ: ಐಗುಪ್ತದಲ್ಲಿ ನೀನೂ ದಾಸನಾಗಿದ್ದೆ, ಕರ್ತನೇ ಬಿಡಿಸಿದನು. ಬಿಡುಗಡೆ ಹೊಂದಿದವನು ಇನ್ನೊಬ್ಬರನ್ನು ದುಡಿಸಿ ತಾನು ವಿಶ್ರಮಿಸಬಾರದು.

ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಅವರು ಕ್ರೈಸ್ತರಲ್ಲ, ಜೋತಿಬಾ ಫುಲೆಯವರ ಅನುಯಾಯಿ. ದಣಿದವರು ಅವರ ಕಣ್ಣಿಗೆ ಬಿದ್ದರು. ನಮ್ಮ ಕಣ್ಣಿಗೆ?

ಯೌವನಸ್ಥರೇ, ಇವತ್ತು ಫೋನ್ ಬಂದ್ ಮಾಡಿ ಆರಾಧನೆ ಮಾಡಿದ್ರಿ, ಸ್ತೋತ್ರ. ಆರಾಧನೆ ಮುಗಿದ ಮೇಲೆ ಪಾತ್ರೆ ತೊಳೆಯೋದು ಯಾರು? ಬಿಸಿಲಲ್ಲಿ ಬಿರಿಯಾನಿ ತಂದುಕೊಡೋ ಹುಡುಗನಿಗೆ ಒಂದು ಗ್ಲಾಸ್ ನೀರಾದ್ರೂ ಕೊಡ್ತೀರಾ?

ಅದರ ಮರು ರವಿವಾರ ರೊಟ್ಟಿ ಬಡಿಯೋಕೆ ನಾನು ಕುಂತೆ. ಒಂದೂ ದುಂಡಗಾಗಲಿಲ್ಲ. ಅವ್ವ ಮಾತ್ರ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕುಂತಿದ್ದಳು. ಹಲ್ಲೆಲೂಯ!

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಮ್ಮ ಮನೆಯಲ್ಲಿ ದಣಿದವರು ಯಾರೆಂದು ನಮಗೆ ತೋರಿಸು. ಯೇಸುವಿನ ನಾಮದಲ್ಲಿ, ಆಮೆನ್.